ಒಂದು ಪತಂಗ, ನೂರೆಪ್ಪತ್ತು ವರ್ಷದ ಜಗಳ

ಭಾಗ 1/9 | ಪುಸ್ತಕದ ಆ ಎರಡು ಫೋಟೊ

ಸೆಕೆಂಡ್ ಪಿಯುಸಿ ಬಯಾಲಜಿಯ ವಿಕಾಸದ ಪಾಠ ನೆನಪಿದೆಯಾ? ಅದರಲ್ಲಿ ಎರಡು ಫೋಟೊ ಇತ್ತು. ಎರಡರಲ್ಲೂ ಮರದ ಕಾಂಡ, ಅದರ ಮೇಲೆ ಒಂದು ಬಿಳಿ ಪತಂಗ, ಒಂದು ಕಪ್ಪು ಪತಂಗ. ಮೊದಲನೆಯದರಲ್ಲಿ ಬಿಳಿಯದು ಎಲ್ಲಿದೆ ಅಂತ ಹುಡುಕಬೇಕು. ಎರಡನೆಯದರಲ್ಲಿ ಕಪ್ಪು ಎಲ್ಲಿದೆ ಅಂತ ಹುಡುಕಬೇಕು. ಕೆಳಗೆ "ಇಂಡಸ್ಟ್ರಿಯಲ್ ಮೆಲಾನಿಸಂ" ಅಂತ ಒಂದು ಹೆಸರು. ನಾವೆಲ್ಲ ಬಾಯಿಪಾಠ ಮಾಡಿದ್ವಿ, ಬರೆದ್ವಿ, ಮಾರ್ಕ್ಸ್ ತಗೊಂಡ್ವಿ, ಮರೆತ್ವಿ.

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪ್‌ಗೆ ಯಾರೋ ಒಂದು ರೀಲ್ ಹಾಕಿದರು. "ಆ ಪತಂಗಗಳು ಸತ್ತಿದ್ದವು. ಮರಕ್ಕೆ ಅಂಟಿಸಿ ಫೋಟೊ ತೆಗೆದಿದ್ದು. ವಿಕಾಸವಾದಕ್ಕೆ ಇದೇ ದೊಡ್ಡ ಸಾಕ್ಷಿಯಂತೆ, ಅದೂ ಸುಳ್ಳು!" ಅಂತ. ಹತ್ತು ನಿಮಿಷದಲ್ಲಿ ಮೂವತ್ತು ನಗುವ ಇಮೋಜಿ. ಒಬ್ಬ ನನ್ನನ್ನೇ ಟ್ಯಾಗ್ ಮಾಡಿ, "ಏನು ಗುರು, ನೀನು ಬಯಾಲಜಿ ತಾನೆ, ಉತ್ತರ ಕೊಡು" ಅಂದ.

ನಿಜ ಹೇಳ್ತೀನಿ, ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಪೂರ್ತಿ ಅಂಕ ತಗೊಂಡವನು ನಾನು. ಆದರೆ ಇದನ್ನ ಯಾರು ಕಂಡುಹಿಡಿದರು, ಹೇಗೆ ಪರೀಕ್ಷೆ ಮಾಡಿದರು, ಯಾರು ಅನುಮಾನಪಟ್ಟರು, ಒಂದೂ ಗೊತ್ತಿರಲಿಲ್ಲ. ರೀಲ್ ನಂಬಿದವರಿಗೂ ನನಗೂ ಏನು ವ್ಯತ್ಯಾಸ? ಅವರು ರೀಲ್ ನಂಬಿದ್ರು, ನಾನು ಪುಸ್ತಕ ನಂಬಿದ್ದೆ, ಅಷ್ಟೇ.

ಅದಕ್ಕೇ ಕೂತು ಓದಿದೆ. ಓದಿದ್ದನ್ನ ನಿಮಗೆ ಒಂಬತ್ತು ಕಂತಿನಲ್ಲಿ ಹೇಳ್ತೀನಿ. ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡೋಣ. ಆ ರೀಲ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಳೇ ಪುಸ್ತಕಗಳಲ್ಲಿ ಬಂದ ಅಂಥ ಎಷ್ಟೋ ಫೋಟೊಗಳನ್ನ ಸತ್ತ ಪತಂಗಗಳನ್ನು ಮರಕ್ಕೆ ಅಂಟಿಸಿ ಅಥವಾ ಪಿನ್ ಚುಚ್ಚಿ ತೆಗೆದದ್ದು ನಿಜ.

ಹಾಗಾದರೆ ಕಥೆಯೇ ಸುಳ್ಳಾ? ಇರಿ, ಆತುರ ಬೇಡ. 1848ಕ್ಕೆ ಹೋಗೋಣ.

ಭಾಗ 2/9 | ಹೊಗೆಯ ಊರು ಮ್ಯಾಂಚೆಸ್ಟರ್

ಮೊದಲು ಆಸಾಮಿಯ ಪರಿಚಯ. ಇಂಗ್ಲಿಷಿನಲ್ಲಿ ಪೆಪ್ಪರ್ಡ್ ಮಾತ್, ಶಾಸ್ತ್ರೀಯ ಹೆಸರು ಬಿಸ್ಟನ್ ಬೆಟ್ಯುಲೇರಿಯಾ. ಬಿಳಿ ರೆಕ್ಕೆಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ, ಅದಕ್ಕೇ ಆ ಹೆಸರು. ರಾತ್ರಿ ಹಾರುತ್ತೆ. ಹಗಲೆಲ್ಲ ಮರದ ಮೇಲೆ ರೆಕ್ಕೆ ಚಪ್ಪಟೆ ಮಾಡಿಕೊಂಡು ಅಲ್ಲಾಡದೆ ಕೂರುತ್ತೆ. ಹಗಲು ಹಕ್ಕಿಗಳ ಕಾಲ, ಅಲ್ಲಾಡಿದರೆ ಕಥೆ ಮುಗೀತು.

ಬಿಳಿ ಮೈ ಇಟ್ಟುಕೊಂಡು ಮರದ ಮೇಲೆ ಬಚ್ಚಿಟ್ಟುಕೊಳ್ಳೋದು ಹೇಗೆ ಅಂತೀರಾ? ನಿಮ್ಮ ಅಡುಗೆಮನೆಗೆ ಹೋಗಿ, ಮಸಾಲೆ ಡಬ್ಬಿಯಲ್ಲಿ ಕಲ್ಲುಹೂವು ನೋಡಿ. ಬಿಸಿಬೇಳೆಬಾತ್ ಪುಡಿಗೆ ಹಾಕ್ತಾರಲ್ಲ, ಒಣಗಿದ ಬೂದು ಬಣ್ಣದ ಚೂರು, ಅದೇ. ಅದು ಹೂವಲ್ಲ, ಲೈಕೆನ್, ಅಂದರೆ ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಸಂಸಾರ ಮಾಡುವ ಜೀವಿ. ಇಂಗ್ಲೆಂಡಿನ ಮರಗಳ ತೊಗಟೆಯ ಮೇಲೂ ಅದರ ನೆಂಟರು ತೇಪೆ ತೇಪೆಯಾಗಿ ಬೆಳೆಯುತ್ತಿದ್ದರು. ಅದರ ಮೇಲೆ ಚುಕ್ಕಿ ಚುಕ್ಕಿ ಬಿಳಿ ಪತಂಗ ಕೂತರೆ ಪಕ್ಕದಲ್ಲಿ ನಿಂತವರಿಗೂ ಕಾಣಲ್ಲ.

ಆಮೇಲೆ ಬಂತು ಕಲ್ಲಿದ್ದಲು. ಮ್ಯಾಂಚೆಸ್ಟರ್ ಬಟ್ಟೆ ಗಿರಣಿಗಳ ಊರಾಯಿತು. ಚಿಮಣಿಗಳ ಹೊಗೆಯಲ್ಲಿ ಎರಡು ವಿಷ. ಒಂದು ಸಲ್ಫರ್ ಡೈಆಕ್ಸೈಡ್, ಅದು ಲೈಕೆನ್ ಅನ್ನು ಕೊಂದಿತು. ಇನ್ನೊಂದು ಮಸಿ, ಅದು ಬೆತ್ತಲಾದ ತೊಗಟೆಯನ್ನು ಕಪ್ಪು ಮಾಡಿತು.

1848ರಲ್ಲಿ ಆರ್. ಎಸ್. ಎಡಲ್‌ಸ್ಟನ್ ಅನ್ನೋ ಹವ್ಯಾಸಿಗೆ ಮ್ಯಾಂಚೆಸ್ಟರಿನಲ್ಲಿ ಇದೇ ಜಾತಿಯ ಅಚ್ಚ ಕಪ್ಪು ಪತಂಗ ಸಿಕ್ಕಿತು. ಆಗ ಅದು ಅಪರೂಪದ ಸರಕು, ಸಂಗ್ರಹ ಮಾಡೋರಿಗೆ ಹಬ್ಬ. ಆದರೆ 1895ರ ಹೊತ್ತಿಗೆ ಅದೇ ಊರಿನಲ್ಲಿ ಸುಮಾರು 98% ಪತಂಗಗಳು ಕಪ್ಪು! ಐವತ್ತು ವರ್ಷ ಕೂಡ ಆಗಿರಲಿಲ್ಲ.

ಇಲ್ಲಿ ಎಷ್ಟೋ ಜನ ಎಡವುತ್ತಾರೆ, ಗಮನ ಕೊಡಿ. ಯಾವ ಪತಂಗವೂ ಮಸಿ ನೋಡಿ ತನ್ನ ಬಣ್ಣ ಬದಲಾಯಿಸಿಕೊಳ್ಳಲಿಲ್ಲ. ಬಿಳಿಯಾಗಿ ಹುಟ್ಟಿದ್ದು ಬಿಳಿಯಾಗೇ ಸತ್ತಿತು. ಬದಲಾಗಿದ್ದು ಲೆಕ್ಕ. ಯಾವ ಬಣ್ಣದವು ಮೊಟ್ಟೆ ಇಡೋವರೆಗೂ ಬದುಕಿ ಉಳಿದವು ಅನ್ನೋ ಲೆಕ್ಕ.

ಭಾಗ 3/9 | ಉತ್ತರ ಬಾರದ ಪತ್ರ

ಡಾರ್ವಿನ್ ಇದನ್ನೆಲ್ಲ ನೋಡಿದ್ರಾ? ಇದು ಈ ಕಥೆಯ ಬೇಜಾರಿನ ಜಾಗ.

1878ರ ನವೆಂಬರಿನಲ್ಲಿ ಆಲ್ಬರ್ಟ್ ಫಾರ್ನ್ ಅನ್ನೋ ಪತಂಗಪ್ರಿಯ ಡಾರ್ವಿನ್‌ಗೆ ಒಂದು ಕಾಗದ ಬರೆದರು. ಅವರು ಹೇಳಿದ್ದು ಬೇರೆ ಜಾತಿಯ ಪತಂಗದ ಬಗ್ಗೆ. ಕಪ್ಪು ಮಣ್ಣಿನ ಜಾಗದಲ್ಲಿ ಅದು ಕಪ್ಪಗಿದೆ, ಸುಣ್ಣಕಲ್ಲಿನ ಜಾಗದಲ್ಲಿ ಬೂದು, ಸೀಮೆಸುಣ್ಣದಂಥ ಬಿಳಿ ಗುಡ್ಡದ ಮೇಲೆ ಹೆಚ್ಚುಕಮ್ಮಿ ಬಿಳಿ. ಆದರೆ ಒಂದು ಬಿಳಿ ಗುಡ್ಡದ ಹತ್ತಿರ ಸುಣ್ಣದ ಭಟ್ಟಿಗಳಿದ್ದವು. ಇಪ್ಪತ್ತೈದು ವರ್ಷದ ಹೊಗೆಗೆ ಅಲ್ಲಿನ ಹುಲ್ಲು, ಗಿಡ ಎಲ್ಲ ಕಪ್ಪಾಗಿತ್ತು. ಅಲ್ಲಿ ಈಗ ಬಿಳಿ ಪತಂಗ ಕಡಿಮೆಯಾಗಿ ಕಪ್ಪು ಹೆಚ್ಚಾಗಿದೆ, ಇದು ನೀವು ಹೇಳಿದ ಆಯ್ಕೆಯೇ ಅಲ್ಲವೇ ಅನ್ನೋದು ಫಾರ್ನ್ ಪ್ರಶ್ನೆ.

ನೈಸರ್ಗಿಕ ಆಯ್ಕೆ ತುಂಬಾ ನಿಧಾನ, ಮನುಷ್ಯನ ಆಯಸ್ಸಿನಲ್ಲಿ ಕಣ್ಣಿಗೆ ಬೀಳೋದಲ್ಲ ಅಂತ ಡಾರ್ವಿನ್ ನಂಬಿದ್ದರು. ಕಣ್ಣೆದುರಿಗೇ ನಡೆಯುತ್ತಿರುವ ಉದಾಹರಣೆ ಅವರ ಮೇಜಿನ ಮೇಲೇ ಬಂದು ಕೂತಿತ್ತು. ಅವರು ಉತ್ತರ ಬರೆದ ಕುರುಹು ಎಲ್ಲೂ ಸಿಕ್ಕಿಲ್ಲ. 1882ರಲ್ಲಿ ತೀರಿಕೊಂಡರು.

ನಮ್ಮ ಕಪ್ಪು ಪತಂಗಕ್ಕೆ ಹಕ್ಕಿಗಳೇ ಕಾರಣ ಅಂತ ಸ್ಪಷ್ಟವಾಗಿ ಬರೆದವರು ಜೆ. ಡಬ್ಲ್ಯೂ. ಟಟ್, 1896ರಲ್ಲಿ. ಮಸಿ ಹಿಡಿದ ಮರದ ಮೇಲೆ ಬಿಳಿಯದು ಎದ್ದು ಕಾಣುತ್ತೆ, ಹಕ್ಕಿ ತಿನ್ನುತ್ತೆ, ಕಪ್ಪು ಉಳಿಯುತ್ತೆ. ಸರಳ.

ಇನ್ನು ಲೆಕ್ಕ ಹಾಕಿದವರು ಜೆ. ಬಿ. ಎಸ್. ಹಾಲ್ಡೇನ್. 1924ರಲ್ಲಿ ಅವರು ಪೆನ್ನು ಹಿಡಿದು ಕೂತರು. ಕಪ್ಪು ಅಷ್ಟು ಬೇಗ ಹೆಚ್ಚಬೇಕಾದರೆ, 100 ಬಿಳಿ ಪತಂಗ ಬದುಕಿ ಸಂತಾನ ಬಿಡುವ ಕಡೆ ಸುಮಾರು 150 ಕಪ್ಪು ಬಿಡಬೇಕು. ಆ ಕಾಲಕ್ಕೆ ಇದು ನಂಬಲಾರದಷ್ಟು ದೊಡ್ಡ ವ್ಯತ್ಯಾಸ. ಪ್ರಕೃತಿಯಲ್ಲಿ ಆಯ್ಕೆ ಇಷ್ಟು ಜೋರಾಗಿರುತ್ತಾ ಅಂತ ಎಲ್ಲರಿಗೂ ಅನುಮಾನ.

ಅಂದ ಹಾಗೆ ಈ ಹಾಲ್ಡೇನ್ ನಮಗೆ ಪರಕೀಯರಲ್ಲ. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಗೆ ಬಂದರು, ಭಾರತದ ಪೌರತ್ವ ತಗೊಂಡರು, 1964ರಲ್ಲಿ ಭುವನೇಶ್ವರದಲ್ಲಿ ಪ್ರಾಣ ಬಿಟ್ಟರು.

ಲೆಕ್ಕವೇನೋ ಆಯಿತು. ಆದರೆ ಹಕ್ಕಿ ತಿನ್ನೋದನ್ನ ನೋಡಿದವರು ಯಾರು?

ಭಾಗ 4/9 | ಡಾಕ್ಟರಿಕೆ ಬಿಟ್ಟು ಕಾಡಿಗೆ ಹೋದವರು

ಬರ್ನಾರ್ಡ್ ಕೆಟಲ್‌ವೆಲ್ ವೃತ್ತಿಯಲ್ಲಿ ಡಾಕ್ಟರ್, ಹುಚ್ಚು ಪತಂಗದ್ದು. ಆಕ್ಸ್‌ಫರ್ಡಿನ ಇ. ಬಿ. ಫೋರ್ಡ್ ಕರೆದರು ಅಂತ ವೈದ್ಯವೃತ್ತಿ ಬಿಟ್ಟು ಬಂದರು.

1953ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಮಸಿ ಹಿಡಿದ ಕಾಡು. ಕೆಟಲ್‌ವೆಲ್ ತಾವೇ ಸಾಕಿದ ಪತಂಗಗಳ ರೆಕ್ಕೆಯ ಅಡಿಭಾಗಕ್ಕೆ ಬಣ್ಣದ ಪುಟ್ಟ ಚುಕ್ಕಿ ಇಟ್ಟರು, ಕೂತಾಗ ಹಕ್ಕಿಗೆ ಕಾಣಬಾರದಲ್ಲ. ಹಗಲು ಮರಗಳ ಮೇಲೆ ಬಿಟ್ಟರು. ರಾತ್ರಿ ದೀಪದ ಬಲೆ, ಪಂಜರದಲ್ಲಿಟ್ಟ ಹೆಣ್ಣು ಪತಂಗ, ಇವನ್ನಿಟ್ಟು ಗಂಡುಗಳನ್ನು ವಾಪಸ್ ಹಿಡಿದರು. ಬಿಟ್ಟಿದ್ದು 447 ಕಪ್ಪು, ಅದರಲ್ಲಿ ವಾಪಸ್ ಸಿಕ್ಕಿದ್ದು 27.5%. ಬಿಟ್ಟಿದ್ದು 137 ಬಿಳಿ, ವಾಪಸ್ ಸಿಕ್ಕಿದ್ದು 13%. ಕಪ್ಪು ಎರಡು ಪಟ್ಟು ಹೆಚ್ಚು ಉಳಿದಿತ್ತು.

ಒಳ್ಳೇ ಪ್ರಶ್ನೆ ಕೇಳಿ ನೋಡೋಣ. ಕಪ್ಪು ಪತಂಗ ಸುಮ್ಮನೆ ಗಟ್ಟಿ ಜೀವ ಇರಬಹುದಲ್ಲ? ಬಣ್ಣಕ್ಕೂ ಹಕ್ಕಿಗೂ ಸಂಬಂಧವೇ ಇಲ್ಲದಿರಬಹುದಲ್ಲ?

ಕೆಟಲ್‌ವೆಲ್‌ಗೂ ಅದೇ ಪ್ರಶ್ನೆ ಇತ್ತು. 1955ರಲ್ಲಿ ಡಾರ್ಸೆಟ್‌ನ ಒಂದು ಶುದ್ಧ ಕಾಡಿಗೆ ಹೋದರು, ಮರಗಳ ತುಂಬ ಲೈಕೆನ್. ಅಲ್ಲಿ 496 ಬಿಳಿ ಬಿಟ್ಟು 62 ಹಿಡಿದರು, ಅಂದರೆ 12.5%. 473 ಕಪ್ಪು ಬಿಟ್ಟು 30 ಹಿಡಿದರು, ಅಂದರೆ 6.3%. ಲೆಕ್ಕ ಪೂರ್ತಿ ಉಲ್ಟಾ! ಕಪ್ಪು ಗಟ್ಟಿ ಜೀವವಾಗಿದ್ದರೆ ಇಲ್ಲೂ ಅದೇ ಗೆಲ್ಲಬೇಕಿತ್ತು. ಗೆದ್ದಿದ್ದು ಜಾಗಕ್ಕೆ ಹೊಂದುವ ಬಣ್ಣ.

ಹಕ್ಕಿಗಳು ಮರದ ಮೇಲೆ ಕೂತ ಪತಂಗ ತಿನ್ನುತ್ತವೆ ಅನ್ನೋದನ್ನೇ ಆಗ ಹಲವರು ನಂಬುತ್ತಿರಲಿಲ್ಲ. ನಿಕೊ ಟಿನ್‌ಬರ್ಗೆನ್ ಮರೆಯಲ್ಲಿ ಕೂತು ಹಕ್ಕಿಗಳು ಒಂದೊಂದಾಗಿ ಹೆಕ್ಕಿ ತಿನ್ನೋದನ್ನ ಫಿಲ್ಮ್ ಮಾಡಿದರು. ಮುಂದೆ 1973ರಲ್ಲಿ ನೊಬೆಲ್ ಪಡೆದವರು ಇವರೇ.

1959ರಲ್ಲಿ ಕೆಟಲ್‌ವೆಲ್ ಒಂದು ಜನಪ್ರಿಯ ಲೇಖನ ಬರೆದರು. ಅಲ್ಲಿಂದ ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಈ ಪತಂಗ ಹಾರಿತು. ಜೊತೆಗೆ ಪೋಸು ಕೊಟ್ಟ ಫೋಟೊಗಳೂ ಹಾರಿದವು.

ಭಾಗ 5/9 | ರೀಲು ಹಿಂದಕ್ಕೆ ಓಡಿತು

ಒಂದು ವಾದ ನಿಜವೋ ಅಲ್ಲವೋ ನೋಡೋಕೆ ಒಂದು ಒಳ್ಳೇ ದಾರಿ ಇದೆ. ಕಾರಣವನ್ನ ತೆಗೆದುಬಿಡಿ, ಪರಿಣಾಮ ಹೋಗುತ್ತಾ ನೋಡಿ.

1952ರ ಡಿಸೆಂಬರಿನಲ್ಲಿ ಲಂಡನ್ ಮೇಲೆ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯಿದೆ ಮಾಡಿತು. ಮನೆ ಒಲೆಗಳ ಕಲ್ಲಿದ್ದಲು ಹೊಗೆ ನಿಧಾನಕ್ಕೆ ಕಡಿಮೆಯಾಯಿತು. ಕಾಯಿದೆ ಮಾಡಿದ್ದು ಮನುಷ್ಯರ ಶ್ವಾಸಕೋಶಕ್ಕೆ, ಪತಂಗಕ್ಕಲ್ಲ. ಆದರೆ ಗೊತ್ತಿಲ್ಲದೆಯೇ ಒಂದು ದೇಶದಷ್ಟು ದೊಡ್ಡ ಪ್ರಯೋಗ ಶುರುವಾಗಿತ್ತು.

ಲಿವರ್‌ಪೂಲ್ ಪಕ್ಕದ ವಿರಲ್ ಅನ್ನೋ ಜಾಗದಲ್ಲಿ ಸಿರಿಲ್ ಕ್ಲಾರ್ಕ್ ಅಂತ ಒಬ್ಬರು ಡಾಕ್ಟರ್ ಇದ್ದರು. ಹೆಸರು ಕೇಳಿಲ್ಲ ಅಂತೀರಾ? ಆರ್‌ಎಚ್ ನೆಗೆಟಿವ್ ರಕ್ತದ ತಾಯಂದಿರ ಮಕ್ಕಳು ಹುಟ್ಟುವ ಮೊದಲೇ ಸಾಯುವುದನ್ನು ತಡೆಯುವ ಇಂಜೆಕ್ಷನ್ ಇದೆಯಲ್ಲ, ಅದನ್ನು ರೂಪಿಸಿದವರಲ್ಲಿ ಇವರೂ ಒಬ್ಬರು. ಇವರಿಗೆ ಚಿಟ್ಟೆ, ಪತಂಗ ಅಂದರೆ ಪ್ರಾಣ. 1959ರಿಂದ ಮನೆಯಲ್ಲೇ ದೀಪದ ಬಲೆ ಇಟ್ಟು, ಪ್ರತಿ ಬೇಸಿಗೆ ಎಷ್ಟು ಕಪ್ಪು, ಎಷ್ಟು ಬಿಳಿ ಅಂತ ಎಣಿಸಿದರು. ವರ್ಷ ಬಿಟ್ಟು ವರ್ಷ ಅಲ್ಲ, ಪ್ರತಿ ವರ್ಷ, ದಶಕಗಳ ಕಾಲ.

1959ರಲ್ಲಿ ಅವರ ಬಲೆಗೆ ಬಿದ್ದವುಗಳಲ್ಲಿ 90%ಗೂ ಹೆಚ್ಚು ಕಪ್ಪು. 1994ರ ಹೊತ್ತಿಗೆ 20%ಗಿಂತ ಕಡಿಮೆ.

ಅಟ್ಲಾಂಟಿಕ್ ಆಚೆ, ಅಮೆರಿಕದ ಮಿಷಿಗನ್‌ನಲ್ಲೂ ಇದೇ ಪತಂಗ ಇದೆ. ಅಲ್ಲೂ ಗಾಳಿ ಶುದ್ಧವಾಯಿತು. ಅಲ್ಲೂ ಅದೇ ಮೂರು ದಶಕಗಳಲ್ಲಿ ಕಪ್ಪು 90%ಗಿಂತ ಮೇಲಿದ್ದದ್ದು 20%ಗಿಂತ ಕೆಳಗಿಳಿಯಿತು. ಎರಡು ಖಂಡ, ಒಂದೇ ಗ್ರಾಫ್.

ಯಾವ ಫೋಟೊವೂ ಇಲ್ಲದೆ, ಅಂಟೂ ಇಲ್ಲದೆ, ಸುಮ್ಮನೆ ಎಣಿಕೆಯಿಂದ ಸಿಕ್ಕ ಸಾಕ್ಷಿ ಇದು. ನಮ್ಮ ಗ್ರೂಪಿನ ರೀಲ್‌ನಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ.

ಆದರೂ ಬಿರುಗಾಳಿ ಬಂತು. ಅದೂ ಒಳಗಿನಿಂದಲೇ.

ಭಾಗ 6/9 | ಗಲಾಟೆ

1998ರಲ್ಲಿ ಕೇಂಬ್ರಿಡ್ಜಿನ ತಳಿವಿಜ್ಞಾನಿ ಮೈಕಲ್ ಮಜೀರಸ್ ಒಂದು ಪುಸ್ತಕ ಬರೆದರು. ಗುಲಗಂಜಿ ಹುಳದಂಥ ಲೇಡಿಬರ್ಡ್‌ಗಳ ಬಗ್ಗೆ ಅವರೇ ದೊಡ್ಡ ತಜ್ಞರು, ಪತಂಗದ ಹುಚ್ಚು ಚಿಕ್ಕಂದಿನದು. ಆ ಪುಸ್ತಕದಲ್ಲಿ ಅವರು ಕೆಟಲ್‌ವೆಲ್ ಪ್ರಯೋಗದ ತಪ್ಪುಗಳನ್ನ ಮುಲಾಜಿಲ್ಲದೆ ಪಟ್ಟಿ ಮಾಡಿದರು.

ಪತಂಗ ರಾತ್ರಿ ಹಾರಿ ತಾನೇ ಜಾಗ ಹುಡುಕಿಕೊಳ್ಳುತ್ತೆ. ಕೆಟಲ್‌ವೆಲ್ ಹಗಲು ಬಿಟ್ಟರು. ಪತಂಗಕ್ಕೆ ಕಾಂಡಕ್ಕಿಂತ ಮೇಲಿನ ಕೊಂಬೆಗಳು ಇಷ್ಟ ಇರಬಹುದು. ಇವರು ಕಾಂಡದ ಮೇಲೆ ಕೂರಿಸಿದರು. ಒಂದೇ ಜಾಗದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಬಿಟ್ಟರು, ಹಕ್ಕಿಗಳಿಗೆ ಮದುವೆ ಊಟ ಬಡಿಸಿದ ಹಾಗಾಯಿತು. ಹೊಂದಾಣಿಕೆ ಇದೆಯೋ ಇಲ್ಲವೋ ಅಂತ ನೋಡಿದ್ದು ಮನುಷ್ಯರ ಕಣ್ಣಲ್ಲಿ. ಹಕ್ಕಿಗಳಿಗೆ ಅಲ್ಟ್ರಾವೈಲೆಟ್ ಕೂಡ ಕಾಣುತ್ತೆ.

ಇಷ್ಟೆಲ್ಲ ಹೇಳಿಯೂ ಮಜೀರಸ್ ತೀರ್ಮಾನ ಏನಿತ್ತು ಗೊತ್ತಾ? ವಿವರಗಳಲ್ಲಿ ತಪ್ಪಿದೆ, ಮೂಲ ವಾದ ಸರಿ ಇದೆ ಅಂತ.

ಆದರೆ ಜನ ಕೇಳಿಸಿಕೊಂಡದ್ದು ಅರ್ಧ ಮಾತ್ರ. ವಿಕಾಸವಾದದ ದೊಡ್ಡ ವಿಜ್ಞಾನಿ ಜೆರಿ ಕಾಯ್ನ್ ಆ ಪುಸ್ತಕದ ವಿಮರ್ಶೆ ಬರೆಯುತ್ತಾ, ಕ್ರಿಸ್‌ಮಸ್ ಉಡುಗೊರೆ ತರೋದು ಸಾಂಟಾ ಅಲ್ಲ, ಅಪ್ಪನೇ ಅಂತ ಗೊತ್ತಾದಾಗ ಆದಂಥ ನಿರಾಸೆ ಆಯಿತು ಅನ್ನೋ ಅರ್ಥದಲ್ಲಿ ಬರೆದರು. 2002ರಲ್ಲಿ ಪತ್ರಕರ್ತೆ ಜೂಡಿತ್ ಹೂಪರ್ ಇನ್ನೊಂದು ಪುಸ್ತಕ ತಂದರು. ಕೆಟಲ್‌ವೆಲ್ ಅಂಕಿಅಂಶಗಳನ್ನೇ ತಿದ್ದಿರಬಹುದು ಅನ್ನೋ ಅನುಮಾನ ಅದರಲ್ಲಿತ್ತು. ಅವರು ತಿದ್ದಿದರು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಆದರೆ ಕೆಟಲ್‌ವೆಲ್ 1979ರಲ್ಲೇ ತೀರಿಕೊಂಡಿದ್ದರು, ಎದ್ದು ಬಂದು ಉತ್ತರ ಕೊಡೋ ಹಾಗಿರಲಿಲ್ಲ.

ವಿಕಾಸವಾದ ಬೇಡ ಅನ್ನೋರಿಗೆ ಇದು ಸಿಹಿ ಸುದ್ದಿ. "ಫೋಟೊ ಅಂಟಿಸಿದ್ದು, ಆದ್ದರಿಂದ ಡಾರ್ವಿನ್ ಸುಳ್ಳು" ಅನ್ನೋ ವಾದ ಹುಟ್ಟಿದ್ದು ಈ ಕಾಲದಲ್ಲಿ. ಈಗಿನ ರೀಲ್ ಅದರ ಮೊಮ್ಮಗ. ಕೆಲವು ಪಠ್ಯಪುಸ್ತಕಗಳಿಂದ ಪತಂಗ ಮೆಲ್ಲಗೆ ಜಾಗ ಖಾಲಿ ಮಾಡಿತು.

ಯೋಚನೆ ಮಾಡಿ, ಮಜೀರಸ್ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ? ನೀವು ಪ್ರಾಮಾಣಿಕವಾಗಿ ಎತ್ತಿದ ಪ್ರಶ್ನೆಯನ್ನೇ ಬೇರೆಯವರು ಕೋಲು ಮಾಡಿಕೊಂಡು ನಿಮ್ಮ ವಿಷಯವನ್ನೇ ಹೊಡೀತಿದ್ದಾರೆ. ಸ್ಟೇಟಸ್ ಹಾಕ್ತೀರಾ? ಕಾಮೆಂಟಲ್ಲಿ ಜಗಳ ಆಡ್ತೀರಾ?

ಅವರು ತಮ್ಮ ಹಿತ್ತಲಿಗೆ ಹೋದರು.

ಭಾಗ 7/9 | 4,864 ಪತಂಗಗಳು

ಇದು ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ನಿಧಾನಕ್ಕೆ ಓದಿ.

ಮಜೀರಸ್ ತಾವೇ ಪಟ್ಟಿ ಮಾಡಿದ ಒಂದೊಂದು ತಪ್ಪನ್ನೂ ತಿದ್ದಿ ಪ್ರಯೋಗ ಕಟ್ಟಿದರು. ಮೊದಲು, ಪತಂಗ ನಿಜಕ್ಕೂ ಎಲ್ಲಿ ಕೂರುತ್ತೆ? ಮರ ಹತ್ತಿ ಹತ್ತಿ ತಾವಾಗೇ ಕೂತಿದ್ದ 135 ಪತಂಗಗಳನ್ನ ಹುಡುಕಿದರು. ಅರ್ಧದಷ್ಟು ಕೊಂಬೆಗಳ ಮೇಲೆ, ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಕಾಂಡದ ಮೇಲೆ, ಉಳಿದವು ಸಣ್ಣ ರೆಂಬೆಗಳಲ್ಲಿ. ಅಂದರೆ "ಪತಂಗ ಕಾಂಡದ ಮೇಲೆ ಕೂರೋದೇ ಇಲ್ಲ" ಅನ್ನೋ ವಾದವೂ ತಪ್ಪು.

ಆಮೇಲೆ ಸಂಜೆ ಹೊತ್ತು ಕೊಂಬೆಗಳಿಗೆ ಬಲೆಯ ಗವಸು ಕಟ್ಟಿ ಒಳಗೆ ಪತಂಗ ಬಿಡೋದು. ರಾತ್ರಿ ಅದು ತನಗೆ ಬೇಕಾದ ಜಾಗ ಆರಿಸಿ ಕೂರುತ್ತೆ. ಬೆಳಕು ಹರಿಯುವ ಮುಂಚೆ ಬಲೆ ತೆಗೆಯೋದು. ನಾಲ್ಕು ಗಂಟೆ ಬಿಟ್ಟು ಬಂದು ನೋಡೋದು, ಇದೆಯೋ, ಹೋಯಿತೋ? ಒಂದು ದಿನಕ್ಕೆ ಬಿಡೋದು ಕೆಲವೇ ಕೆಲವು, ಕಾಡಿನಲ್ಲಿ ಸಹಜವಾಗಿ ಇರುವಷ್ಟು. ಜೊತೆಗೆ ಬೈನಾಕ್ಯುಲರ್ ಹಿಡಿದು ಯಾವ ಹಕ್ಕಿ ತಿಂದಿತು ಅಂತ ಬರೆದಿಡೋದು. ರಾಬಿನ್, ಬ್ಲ್ಯಾಕ್‌ಬರ್ಡ್ ಸೇರಿ ಒಂಬತ್ತು ಜಾತಿ ಹಕ್ಕಿಗಳು ಸಿಕ್ಕಿಬಿದ್ದವು.

ಹೀಗೆ ಆರು ವರ್ಷ. ಒಟ್ಟು 4,864 ಪತಂಗ.

ಆ ಹೊತ್ತಿಗೆ ಕೇಂಬ್ರಿಡ್ಜಿನ ಗಾಳಿ ಶುದ್ಧವಾಗಿತ್ತು, ಆದ್ದರಿಂದ ಈಗ ಸೋಲಬೇಕಾದ್ದು ಕಪ್ಪು. ಸೋತಿತು ಕೂಡ. ಕಪ್ಪು ಪತಂಗ ಒಂದು ದಿನ ಬದುಕಿ ಉಳಿಯುವ ಸಾಧ್ಯತೆ ಬಿಳಿಯದಕ್ಕಿಂತ ಸುಮಾರು 9% ಕಡಿಮೆ. ಆ ಊರಿನಲ್ಲಿ ಕಪ್ಪು ಎಷ್ಟು ವೇಗವಾಗಿ ಕಡಿಮೆಯಾಗುತ್ತಿತ್ತೋ ಅದನ್ನು ವಿವರಿಸೋಕೆ ಹಕ್ಕಿಗಳ ಈ ಲೆಕ್ಕವೇ ಸಾಕಾಯಿತು.

2007ರ ಆಗಸ್ಟಿನಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ನಡೆದ ಸಮ್ಮೇಳನದಲ್ಲಿ ಮಜೀರಸ್ ಇದನ್ನ ಮಂಡಿಸಿದರು. ಪ್ರಬಂಧವಾಗಿ ಪ್ರಕಟಿಸುವ ಮೊದಲೇ ಕಾಯಿಲೆ ಬಿತ್ತು. 2009ರ ಜನವರಿಯಲ್ಲಿ ತೀರಿಕೊಂಡರು. ವಯಸ್ಸು 54.

ಅಂಕಿಗಳು ಹಾಗೇ ಉಳಿದಿದ್ದವು. ಕುಕ್, ಗ್ರಾಂಟ್, ಸಾಕೇರಿ, ಮ್ಯಾಲೆಟ್ ಅನ್ನೋ ನಾಲ್ಕು ಜನ ವಿಜ್ಞಾನಿಗಳು ಅವನ್ನೆಲ್ಲ ಮತ್ತೆ ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದರು. ಸತ್ತವರೊಬ್ಬರ ಬೇಸಿಗೆಗಳು ವ್ಯರ್ಥವಾಗಲಿಲ್ಲ.

ಭಾಗ 8/9 | ಜಿಗಿಯುವ ಜೀನ್, ಚರ್ಮದ ಕಣ್ಣು

ಹಕ್ಕಿಯ ಕೇಸು ಮುಗೀತು. ಇನ್ನೊಂದು ಪ್ರಶ್ನೆ ಉಳಿದಿತ್ತು. ಆ ಮೊದಲ ಕಪ್ಪು ಪತಂಗ ಕಪ್ಪಾದದ್ದು ಹೇಗೆ?

ಉತ್ತರ 2016ರಲ್ಲಿ ಬಂತು, ಲಿವರ್‌ಪೂಲಿನ ಇಲಿಕ್ ಸಾಕೇರಿ ಮತ್ತು ಆರ್ಯನ್ ವಾನ್ಟ್ ಹಾಫ್ ಅವರ ತಂಡದಿಂದ. ಕಾರ್ಟೆಕ್ಸ್ ಅನ್ನೋ ಜೀನ್ ಒಳಗೆ 21,925 ಅಕ್ಷರಗಳ ಒಂದು ಡಿಎನ್‌ಎ ತುಂಡು ಬಂದು ಕೂತಿತ್ತು. ಇಂಥ ತುಂಡುಗಳು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಜಿಗಿಯುವ ಜೀನ್‌ಗಳನ್ನ ಮೊದಲು ಕಂಡವರು ಬಾರ್ಬರಾ ಮೆಕ್‌ಕ್ಲಿಂಟಾಕ್, ಕಂಡದ್ದು ಮೆಕ್ಕೆಜೋಳದಲ್ಲಿ. ದಶಕಗಳ ನಂತರ, 1983ರಲ್ಲಿ ಅವರಿಗೆ ನೊಬೆಲ್ ಬಂತು. ಜೋಳದ ತೆನೆಯಲ್ಲಿ ಸಿಕ್ಕ ಕಳ್ಳನೇ ಪತಂಗದ ರೆಕ್ಕೆಯಲ್ಲೂ ಸಿಕ್ಕ ನೋಡಿ.

ಆ ತುಂಡಿನ ಅಕ್ಕಪಕ್ಕದ ಡಿಎನ್‌ಎ ಎಷ್ಟು ಕಲಸಿದೆ ಅನ್ನೋದರ ಮೇಲೆ ಅದು ಯಾವಾಗ ಬಂದಿದ್ದು ಅಂತ ಅಂದಾಜು ಮಾಡಿದರು. ಸುಮಾರು 1819. ಎಡಲ್‌ಸ್ಟನ್ ಬಲೆಗೆ ಬೀಳುವ ಮೂರು ದಶಕ ಮೊದಲು, ಗಿರಣಿಗಳು ಹೊಗೆ ಉಗುಳೋಕೆ ಶುರು ಮಾಡಿದ ಕಾಲ. ಮಸಿ ಬಂದದ್ದಕ್ಕೆ ಜೀನ್ ಜಿಗಿಯಲಿಲ್ಲ. ಅದು ಆಕಸ್ಮಿಕ. ಮಸಿ ಇತ್ತು ಅಂತ ಆ ಆಕಸ್ಮಿಕ ಗೆದ್ದಿತು.

2018ರಲ್ಲಿ ಎಕ್ಸಿಟರ್‌ನ ಒಲಿವಿಯಾ ವಾಲ್ಟನ್ ಮತ್ತು ಮಾರ್ಟಿನ್ ಸ್ಟೀವನ್ಸ್ ಕೊನೆಯ ಆಕ್ಷೇಪಕ್ಕೂ ಉತ್ತರ ಕೊಟ್ಟರು. ಹಕ್ಕಿಯ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ಲೆಕ್ಕ ಹಾಕಿ ನೋಡಿದರೆ, ಲೈಕೆನ್ ಮೇಲೆ ಬಿಳಿ ಪತಂಗವೇ ಚೆನ್ನಾಗಿ ಮರೆಯಾಗುತ್ತೆ.

2019ರಲ್ಲಿ ಇನ್ನೊಂದು ತಮಾಷೆ. ಇದರ ಕಂಬಳಿಹುಳು ಕಡ್ಡಿಯ ಹಾಗೆ ಕಾಣುತ್ತೆ, ಕೂತ ಕಡ್ಡಿಯ ಬಣ್ಣಕ್ಕೆ ಮೈಬಣ್ಣವನ್ನೂ ಹೊಂದಿಸಿಕೊಳ್ಳುತ್ತೆ. (ಹೌದು, ಪತಂಗಕ್ಕೆ ಆಗದ್ದು ಮರಿಗೆ ಆಗುತ್ತೆ!) ಅದರ ಕಣ್ಣುಗಳಿಗೆ ಕಪ್ಪು ಬಣ್ಣ ಬಳಿದು ಮುಚ್ಚಿದರು. ಆದರೂ ಸರಿಯಾಗಿ ಬಣ್ಣ ಹೊಂದಿಸಿತು. ಬೆಳಕು ಗುರುತಿಸುವ ಜೀನ್‌ಗಳು ಅದರ ಚರ್ಮದಲ್ಲೂ ಕೆಲಸ ಮಾಡುತ್ತಿದ್ದವು.

ಮುಗೀತಾ? ಇಲ್ಲ. 2024ರಲ್ಲಿ ಚಿಟ್ಟೆಗಳ ಮೇಲೆ ನಡೆದ ಸಂಶೋಧನೆ, ರೆಕ್ಕೆ ಕಪ್ಪು ಮಾಡೋದು ಕಾರ್ಟೆಕ್ಸ್ ಅಲ್ಲ, ಅದೇ ಬೀದಿಯಲ್ಲಿ ಅಡಗಿದ್ದ ಒಂದು ಪುಟ್ಟ ಆರ್‌ಎನ್‌ಎ ಅಂತ ತೋರಿಸಿತು. ಮನೆ ನಂಬರ್ ತಪ್ಪಿತ್ತು, ಬೀದಿ ಸರಿ ಇತ್ತು. ತಿದ್ದಿಕೊಂಡರು.

ಭಾಗ 9/9 | ಹಾಗಾದರೆ ರೀಲ್‌ಗೆ ಏನು ಉತ್ತರ?

ಮುಗಿಸೋ ಮುಂಚೆ ಎರಡು ಹೊಸ ಸುದ್ದಿ. ಎರಡರಲ್ಲೂ ಬೇಟೆಗಾರ ಹಕ್ಕಿಯಲ್ಲ, ನಾವು.

ಚೀನಾದ ಹೆಂಗ್‌ದುವಾನ್ ಬೆಟ್ಟಗಳಲ್ಲಿ ಫ್ರಿಟಿಲೇರಿಯಾ ಡೆಲವಾಯಿ ಅನ್ನೋ ಗಿಡ ಇದೆ. ಅದರ ಗಡ್ಡೆ ಔಷಧಿಗೆ ಬೇಕು ಅಂತ ಜನ ಹುಡುಕಿ ಹುಡುಕಿ ಕೀಳುತ್ತಾರೆ. ಕುನ್‌ಮಿಂಗ್‌ನ ಯಾಂಗ್ ನಿಯು ಮತ್ತು ಸಂಗಡಿಗರು, ಮೇಲೆ ಹೇಳಿದ ಅದೇ ಮಾರ್ಟಿನ್ ಸ್ಟೀವನ್ಸ್ ಜೊತೆ ಸೇರಿ ನೋಡಿದರು. ಜನ ಹೆಚ್ಚು ಕೀಳುವ ಕಡೆ ಗಿಡ ಹಸಿರಿಲ್ಲ, ಕಲ್ಲಿನ ಹಾಗೆ ಬೂದು, ಕಂದು. ಕೈಗೆ ಸಿಗದ ಕಡೆ ಮಾತ್ರ ಎದ್ದು ಕಾಣುವ ಹಸಿರು. ಪ್ರಬಂಧ ಬಂದದ್ದು 2020ರ ನವೆಂಬರಿನಲ್ಲಿ.

ಮೊಜಾಂಬಿಕ್‌ನ ಗೊರೊಂಗೋಸಾದಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ. ದಂತಕ್ಕಾಗಿ ಆನೆಗಳ ಕೊಲೆ, 90%ಗೂ ಹೆಚ್ಚು ಸತ್ತವು. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತೆ, ನಮ್ಮ ಕಾಡಿನ ಹಾಗಲ್ಲ. ಯುದ್ಧಕ್ಕೆ ಮೊದಲು ದಂತವಿಲ್ಲದ ಹೆಣ್ಣುಗಳು 18.5%. ಬದುಕಿ ಉಳಿದವರಲ್ಲಿ 50.9%. ಆಮೇಲೆ ಹುಟ್ಟಿದ ಹೆಣ್ಣುಮರಿಗಳಲ್ಲೂ 33%. ಬಂದೂಕು ನಿಂತ ಮೇಲೂ ಅದರ ಗುರುತು ಮಕ್ಕಳಲ್ಲಿ ಉಳಿದಿದೆ.

ಮಸಿ, ಗುದ್ದಲಿ, ಬಂದೂಕು. ಆಯ್ಕೆ ಮಾಡೋದು ಪ್ರಕೃತಿ ಮಾತ್ರ ಅಲ್ಲ.

ಈಗ ನಮ್ಮ ಗ್ರೂಪಿಗೆ ನಾನು ಬರೆದ ಉತ್ತರ:

"ಫೋಟೊ ಅಂಟಿಸಿದ್ದು ನಿಜ ಮಗಾ. ಆದರೆ ಫೋಟೊ ಸಾಕ್ಷಿ ಅಲ್ಲ, ಚಿತ್ರ. ಸಾಕ್ಷಿ ಅಂದರೆ ಎರಡು ಖಂಡಗಳ ದಶಕಗಳ ಎಣಿಕೆ, 4,864 ಪತಂಗ, 21,925 ಅಕ್ಷರದ ಡಿಎನ್‌ಎ. ಹಳೇ ಪ್ರಯೋಗದಲ್ಲಿ ತಪ್ಪಿತ್ತು ಅನ್ನೋದೂ ನಿಜ. ಅದನ್ನ ಕಂಡುಹಿಡಿದಿದ್ದು ರೀಲ್ ಮಾಡಿದವರಲ್ಲ, ಅದೇ ಕ್ಷೇತ್ರದ ಒಬ್ಬ ವಿಜ್ಞಾನಿ. ಕಂಡುಹಿಡಿದು ಸುಮ್ಮನಿರದೆ ಆರು ವರ್ಷ ಕೂತು ಸರಿ ಮಾಡಿದ್ದೂ ಅವನೇ."

ಮೂವತ್ತು ಇಮೋಜಿ ಬರಲಿಲ್ಲ. ಎರಡು ಥಂಬ್ಸ್ ಅಪ್ ಬಂತು. ಟ್ಯಾಗ್ ಮಾಡಿದವನು ಮಾತ್ರ ಪರ್ಸನಲ್ ಮೆಸೇಜ್ ಹಾಕಿದ. "ಆ 135 ಪತಂಗ ಹುಡುಕೋಕೆ ಅವರು ಎಷ್ಟು ಮರ ಹತ್ತಿರಬಹುದು?"

ನನಗೆ ಗೊತ್ತಿಲ್ಲ. ಆದರೆ ಅದು ಒಳ್ಳೇ ಪ್ರಶ್ನೆ. ಮೊದಲಿನ ಪ್ರಶ್ನೆಗಿಂತ ಎಷ್ಟೋ ಒಳ್ಳೇದು.

ಇವತ್ತು ರಾತ್ರಿ ನಿಮ್ಮ ಮನೆ ಬಾಗಿಲ ಲೈಟಿಗೆ ಬರುವ ಹುಳಗಳನ್ನ ಒಂದು ನಿಮಿಷ ನಿಂತು ನೋಡಿ. ಬೆಳಿಗ್ಗೆ ಅವು ಗೋಡೆ ಮೇಲೆ ಎಲ್ಲಿ ಕೂತಿವೆ, ಯಾವ ಬಣ್ಣದ್ದು ಎಲ್ಲಿ, ನೋಡಿ ಕಾಮೆಂಟಿನಲ್ಲಿ ಬರೀರಿ. ಫೋಟೊ ಹಾಕೋದಾದರೆ ಜೀವಂತ ಇರೋದನ್ನೇ ಹಾಕಿ, ಅಂಟಿಸಬೇಡಿ ದಯವಿಟ್ಟು.

#ಪತಂಗದಕಥೆ #ವಿಕಾಸ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ